ಬಲಗಣ್ಣಿನ ಹುಳ, ಗೆರಸೆಯ ನುಚ್ಚು

ನನಗೆ ಬಂದದ್ದು ನಾಯಿಮರಿಗಳ ಹೊಟ್ಟೆಯಲ್ಲಿ ಇರುವ ಹುಳ. ದೊಡ್ಡದಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಮರಿಹುಳ. ನಾಯಿಯ ಹೊಟ್ಟೆಯಲ್ಲಿ ಅದಕ್ಕೆ ದಾರಿ ಗೊತ್ತಿರುತ್ತದಂತೆ. ಮನುಷ್ಯರ ಹೊಟ್ಟೆಗೆ ಹೋದರೆ ಗೊತ್ತಾಗುವುದಿಲ್ಲ, ಸಿಕ್ಕಿದ ಕಡೆಗೆ ಹೋಗುತ್ತದೆ. ನನ್ನೊಳಗೆ ಬಂದವುಗಳಲ್ಲಿ ಕೆಲವು ಲಿವರಿಗೆ ಹೋದವು, ಒಂದು ಬಲಗಣ್ಣಿಗೆ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಇದು ಗೊತ್ತಾಗುವಾಗ ಒಂದು ಮಳೆಗಾಲವೇ ಮುಗಿದಿತ್ತು.

ಬರೆಯುವುದಕ್ಕೆ ಕಾರಣ ಒಬ್ಬಳು ಹೆಂಗಸು. ಕಳೆದ ಸಲ ಮಂಗಳೂರಿನ ಆಸ್ಪತ್ರೆಗೆ ಹೋದಾಗ ಬೆಳ್ತಂಗಡಿ ಕಡೆಯವಳೊಬ್ಬಳು ಸಣ್ಣ ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗುವಿಗೂ ಇದೇ. "ಊರಲ್ಲಿ ಕಣ್ಣಿಗೆ ಕಡ್ಡಿ ತಾಗಿದ್ದು ಅಂತ ಹೇಳಿದ್ದೇವೆ. ಹುಳ ಅಂದ್ರೆ ಮನೆ ಗಲೀಜು ಅಂತ ಎಣಿಸ್ತಾರಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ಬಟ್ಟೆಯಲ್ಲಿ ಸೋಸದ ನೀರು ಬಾಯಿಗೆ ಹಾಕದವಳು, ಸೂರ್ಯ ಮುಳುಗಿದ ಮೇಲೆ ಒಂದು ಅಗುಳು ತಿನ್ನದವಳು, ನನಗೇ ಬಂದಿದೆ, ನೀನು ಯಾಕೆ ನಾಚುವುದು ಎಂದೆ. ಅವಳ ಸ್ವರ ಸ್ವಲ್ಪ ಸಡಿಲವಾಯಿತು. ಇನ್ನು ಯಾರಿಗಾದರೂ ಹಾಗೆ ನಾಚಿಕೆ ಸಡಿಲವಾಗಲಿ ಎಂದು ಬರೆದಿದ್ದೇನೆ. ಮೂರನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟದ್ದರಿಂದ ಒತ್ತಕ್ಷರಗಳನ್ನು ಮಗಳು ಸುಜಾತ ತಿದ್ದಿದ್ದಾಳೆ. ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ನಮ್ಮ ಮನೆ ಸಿದ್ಧಕಟ್ಟೆಯಿಂದ ಮೂಡಬಿದ್ರೆ ಕಡೆಗೆ ಹೋಗುವಾಗ ಸಿಗುವ ಒಂದು ಬಸದಿಯ ಹಿಂದೆ. ಜೈನರು ಎಂದ ಕೂಡಲೇ ದೊಡ್ಡ ಬೀಡಿನ ಮನೆ, ಗದ್ದೆ ಎಂದು ಜನ ಎಣಿಸುತ್ತಾರೆ. ನಮಗೆ ಇರುವುದು ಒಂದು ಹಂಚಿನ ಮನೆ, ಒಂದು ಬಾವಿ, ಬಚ್ಚಲಿನ ನೀರು ಹರಿಯುವಲ್ಲಿ ಒಂದಿಷ್ಟು ಒದ್ದೆ ಜಾಗ. ಸುಜಾತನಿಗೆ ಸಿದ್ಧಕಟ್ಟೆಯಲ್ಲಿ ಟೈಲರಿಂಗ್ ಅಂಗಡಿ ಉಂಟು. ಅಳಿಯ ಜಯರಾಜ ಶಾಲೆಯ ವ್ಯಾನು ಓಡಿಸುತ್ತಾನೆ. ದಿನವಿಡೀ ಮಕ್ಕಳ ಗಲಾಟೆ ಕೇಳಿ ಬರುವುದರಿಂದಲೋ ಏನೋ, ಮನೆಯಲ್ಲಿ ಅವನಿಗೆ ಮಾತು ಇಲ್ಲ.

ನನ್ನ ಕೆಲಸ ಅಕ್ಕಿ ಆರಿಸುವುದು. ಬಸದಿಯ ಪೂಜೆಗೆ ಇಡುವ ಬೆಳ್ತಿಗೆಯಲ್ಲಿ, ಅಂದರೆ ಕುಚ್ಚದ ಬಿಳಿ ಅಕ್ಕಿಯಲ್ಲಿ, ಮುರಿದ ಕಾಳು ಇರಬಾರದು. ಒಂದು ನುಚ್ಚು ಸಹ ಆಗುವುದಿಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಗೆರಸೆ, ಅಂದರೆ ಬೆತ್ತದ ಮೊರ, ನನ್ನ ಕೈಗೆ ಬಂದದ್ದು, ಮತ್ತೆ ಬೇರೆಯವರ ಕೈಗೆ ಹೋಗಲಿಲ್ಲ. ಜಗಲಿಯಲ್ಲಿ ಬೆಳಕಿಗೆ ಎದುರಾಗಿ ಕುಳಿತು ಗೆರಸೆಯಲ್ಲಿ ಅಕ್ಕಿ ಹರಡಿ ನುಚ್ಚು ಹೆಕ್ಕುವುದು. ಇದೆಲ್ಲ ಬಲಗಣ್ಣಿನ ಕೆಲಸ. ಎಡಗಣ್ಣಿಗೆ ಚಿಕ್ಕವಳಿದ್ದಾಗಲೇ ಭತ್ತದ ತೆನೆ ಚುಚ್ಚಿತ್ತು. ಅದರಲ್ಲಿ ಹಗಲು ಯಾವುದು ರಾತ್ರಿ ಯಾವುದು ಎಂದು ಗೊತ್ತಾಗುತ್ತದೆ, ಬಾಗಿಲು ಎಲ್ಲಿ ಎಂದು ಗೊತ್ತಾಗುತ್ತದೆ, ಬಾಗಿಲಲ್ಲಿ ನಿಂತವರು ಯಾರು ಎಂದು ಗೊತ್ತಾಗುವುದಿಲ್ಲ.

ಮೊದಲು ಬಂದದ್ದು ಕೆಮ್ಮು. ಬೇಸಗೆಯ ಕೊನೆಗೆ ಶುರುವಾಯಿತು. ಉಸಿರು ಎಳೆದರೆ ಎದೆಯೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು. ಸಂಜೆಯ ಹೊತ್ತಿಗೆ ಮೈ ಬೆಚ್ಚಗಾಗುತ್ತಿತ್ತು. ಹತ್ತಿರದ ಡಾಕ್ಟರು ದಮ್ಮು ಎಂದು ಹೇಳಿ ಎಳೆದುಕೊಳ್ಳುವ ಮದ್ದು ಕೊಟ್ಟರು. ಎಳೆದೆ. ಬೆಕ್ಕು ಹೋಗಲಿಲ್ಲ.

ಕಣ್ಣಿನ ವಿಷಯ ನನಗಿಂತ ಮೊದಲು ಗೊತ್ತಾದದ್ದು ಇಂದ್ರರಿಗೆ. ಬಸದಿಯಲ್ಲಿ ಪೂಜೆ ಮಾಡುವವರನ್ನು ನಾವು ಇಂದ್ರರು ಎನ್ನುವುದು. ಒಳ್ಳೆಯ ಜನ, ನನಗೆ ಸ್ವಲ್ಪ ಹೆದರುತ್ತಾರೆ. ಒಂದು ಬೆಳಿಗ್ಗೆ ಜಗಲಿಯ ಹತ್ತಿರ ಬಂದು ನಿಂತರು.

"ಪದ್ದಕ್ಕ, ಈ ಸಲ ಅಕ್ಕಿ ಬೇರೆ ಕಡೆಯಿಂದ ತಂದದ್ದಾ?"

"ಅಲ್ಲ. ಯಾಕೆ?"

"ಎಂತ ಇಲ್ಲ. ಸ್ವಲ್ಪ ನುಚ್ಚು ಉಂಟು."

"ಸ್ವಲ್ಪ ಅಂದ್ರೆ?"

"ನೀವು ಬೈಯುವುದಿಲ್ಲ ಅಂದ್ರೆ ಹೇಳ್ತೇನೆ. ಸುಮಾರು ಉಂಟು."

ಬೈಯಲಿಲ್ಲ. ಅವರು ಹೋದ ಮೇಲೆ ಎಡಗಣ್ಣನ್ನು ಕೈಯಲ್ಲಿ ಮುಚ್ಚಿ ಬಲಗಣ್ಣಿನಿಂದ ಅಂಗಳ ನೋಡಿದೆ. ತುಳಸಿಕಟ್ಟೆ ಇರಬೇಕಾದಲ್ಲಿ ಹೊಗೆ ಕಂಡಿತು. ಒಲೆಗೆ ಒದ್ದೆ ಕಟ್ಟಿಗೆ ಇಟ್ಟರೆ ಬರುತ್ತದಲ್ಲ, ಅಂಥ ಹೊಗೆ. ನಡುವೆ ಒಂದು ಎಳೆ ಅತ್ತಿತ್ತ ತೇಲುತ್ತಿತ್ತು. ಕಣ್ಣು ಉಜ್ಜಿದೆ. ಹೋಗಲಿಲ್ಲ. ಪೊರೆ ಬಂದಿರಬೇಕು ಎಂದುಕೊಂಡೆ. ನನ್ನ ವಯಸ್ಸಿಗೆ ಪೊರೆ ಬಾರದೆ ಇನ್ನೇನು ಬರುವುದು.

ಪಕ್ಕದ ಮನೆಯ ಲೀಲಕ್ಕನಿಗೆ ಊರಿನ ಎಲ್ಲರ ರೋಗಕ್ಕೂ ಮದ್ದು ಗೊತ್ತು, ಅವಳ ಮೊಣಕಾಲು ನೋವಿಗೆ ಮಾತ್ರ ಗೊತ್ತಿಲ್ಲ. ಅವಳು ಬಂದು ಕಣ್ಣು ಅಗಲಿಸಿ ನೋಡಿದಳು.

"ಕಣ್ಣಿಗೆ ತಿಮರೆಗಿಂತ ದೊಡ್ಡ ಮದ್ದು ಇಲ್ಲ ಪದ್ದಕ್ಕ. ನಮ್ಮ ಅಜ್ಜಿ ತಿಮರೆ ತಿಂದು ತಿಂದು ಸಾಯುವವರೆಗೆ ಸೂಜಿಗೆ ನೂಲು ಹಾಕ್ತಿದ್ರು."

"ಸಾಯುವಾಗ ವಯಸ್ಸೆಷ್ಟು?"

"ನಲ್ವತ್ತು ಆಗಿರ್ಲಿಲ್ಲ."

ಒಂದೆಲಗಕ್ಕೆ ನಾವು ತಿಮರೆ ಎನ್ನುವುದು. ನಮ್ಮ ಬಚ್ಚಲಿನ ನೀರು ಹರಿಯುವಲ್ಲಿ ಚಾಪೆ ಹಾಸಿದ ಹಾಗೆ ಬೆಳೆಯುತ್ತದೆ. ಬೇಸಗೆ ಇಡೀ ನಾನು ಅದರ ಚಟ್ನಿ ತಿಂದಿದ್ದೆ, ತೆಂಗಿನಕಾಯಿ, ಹಸಿಮೆಣಸು, ಹುಣಸೆಹುಳಿ ಹಾಕಿ ಹಸಿಯಾಗಿ ಅರೆದದ್ದು. ಬೇಯಿಸಿದರೆ ಗುಣ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಮಳೆಗಾಲದ ನಾಲ್ಕು ತಿಂಗಳು ಸೊಪ್ಪು ತಿನ್ನುವುದಿಲ್ಲ ಎಂದು ನನಗೊಂದು ನಿಯಮ ಉಂಟು. ಲೀಲಕ್ಕ ಹೇಳಿದ ಮೇಲೆ ಇದು ಸೊಪ್ಪಲ್ಲ, ಮದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಿಗ್ಗೆ ಬರಿಹೊಟ್ಟೆಗೆ ರಸ, ಮಧ್ಯಾಹ್ನ ಚಟ್ನಿ. ಸುಜಾತ ಒಂದು ಚಮಚ ಬಾಯಿಗೆ ಹಾಕಿ ಮುಖ ಕಿವುಚಿದಳು, ಮತ್ತೆ ಮುಟ್ಟಲಿಲ್ಲ. ಜಯರಾಜ ವಾಸನೆಗೇ ಎದ್ದು ಹೋದ. ಎಲ್ಲ ನನಗೇ ಉಳಿಯಿತು.

ಇನ್ನೊಂದು ವಿಷಯ ಹೇಳಬೇಕು. ಕೆಂಪಿ ಎಂದು ಒಂದು ಹೆಣ್ಣುನಾಯಿ. ಸಾಕಿದ್ದಲ್ಲ, ಬಂದು ಕೂತದ್ದು. ಬೇಸಗೆಯಲ್ಲಿ ಬಚ್ಚಲಿನ ಹಿಂದೆ ಮರಿ ಹಾಕಿತು. ತಂಪು ಜಾಗ ಬೇಕಲ್ಲ ಅದಕ್ಕೆ. ತಾಯಿ ಮಕ್ಕಳು ಎಲ್ಲ ತಿಮರೆಯ ಮೇಲೆಯೇ ಮಲಗುವುದು, ಅಲ್ಲಿಯೇ ಹೊರಳುವುದು, ಅಲ್ಲಿಯೇ ಎಲ್ಲ ಮಾಡುವುದು. ನಾನು ಮರಿಗಳನ್ನು ಕಾಲಿನಲ್ಲಿ ಆಚೆ ಸರಿಸಿ ಸೊಪ್ಪು ಕೊಯ್ದು, ನೀರಿನಲ್ಲಿ ಮುಳುಗಿಸಿ ತೆಗೆದು, ಅರೆಯುತ್ತಿದ್ದೆ. ಆ ನೀರು ಮಾತ್ರ ಸೋಸಿದ ನೀರು.

ರಸ ಕುಡಿದಷ್ಟೂ ಹೊಗೆ ದಪ್ಪವಾಯಿತು. ಅಕ್ಕಿ ಆರಿಸುವ ಕೆಲಸವನ್ನು ಸುಜಾತ ಅಂಗಡಿಯಿಂದ ಬಂದ ಮೇಲೆ ಮಾಡತೊಡಗಿದಳು. ನಾನು ಪಕ್ಕದಲ್ಲಿ ಕುಳಿತು ಅದು ಹಾಗಲ್ಲ ಇದು ಹೀಗಲ್ಲ ಎಂದು ಹೇಳುತ್ತಿದ್ದೆ. ಅವಳು ಗೆರಸೆ ನನ್ನ ತೊಡೆಯ ಮೇಲೆ ಇಟ್ಟು, "ಹಾಗಾದ್ರೆ ನೀವೇ ಮಾಡಿ" ಎಂದಳು. ಆಮೇಲೆ ಮನಸ್ಸಿಗೆ ಬೇಸರವಾಗಿ ತಾನೇ ತೆಗೆದುಕೊಂಡಳು.

ಮೂಡಬಿದ್ರೆಯಲ್ಲಿ ಕಣ್ಣಿನ ಶಿಬಿರ ಇತ್ತು. ಪೊರೆ ತೆಗೆದು ಕಪ್ಪು ಕನ್ನಡಕ ಕೊಡುತ್ತಾರೆ ಎಂದು ಜಯರಾಜ ವ್ಯಾನಿನಲ್ಲಿ ಕರೆದುಕೊಂಡು ಹೋದ. ಶಾಲಾಮಕ್ಕಳ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿ ಕುಳಿತೆ. ಅಲ್ಲಿ ಒಬ್ಬ ಸಣ್ಣ ಪ್ರಾಯದ ಡಾಕ್ಟರು ಲೈಟು ಹಾಕಿ ನೋಡಿದರು. ಮತ್ತೆ ನೋಡಿದರು. "ಅಜ್ಜಿ, ಇದು ಪೊರೆ ಅಲ್ಲ. ಒಳಗೆ ಎಂತದೋ ಉಂಟು. ಮಂಗಳೂರಿಗೆ ಹೋಗಿ, ತಡ ಮಾಡ್ಬೇಡಿ" ಎಂದರು. ಕನ್ನಡಕ ಸಿಗಲಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣಿಗೆ ಮದ್ದಿನ ನೀರು ಬಿಟ್ಟು, ಕಣ್ಣು ಮುಚ್ಚಿ ಕೂತ್ಕೊಳ್ಳಿ, ಕರೆಯುವವರೆಗೆ ತೆರೀಬೇಡಿ ಎನ್ನುತ್ತಾರೆ. ಗೋಡೆಯ ಉದ್ದಕ್ಕೂ ಬೆಂಚು. ಬೆಂಚು ತುಂಬ ಜನ, ಎಲ್ಲರೂ ಕಣ್ಣು ಮುಚ್ಚಿದವರು. ಬಾಯಿ ಯಾರೂ ಮುಚ್ಚಿರುವುದಿಲ್ಲ. ಸುಜಾತ ಚೀಟಿ ಮಾಡಿಸಲು ಹೋಗಿದ್ದಳು. ನನ್ನ ಎಡಗಡೆಯಿಂದ ಒಂದು ಗಂಡುಸ್ವರ ತುಳುವಿನಲ್ಲಿ ಮಾತಾಡಿಸಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅಮ್ಮ, ನಿಮ್ಮದು ಯಾವ ಕಣ್ಣು?"

"ಬಲ."

"ನಂದು ಎಡ. ಇಬ್ಬರು ಸೇರಿದ್ರೆ ಒಂದು ಸರಿಯಾದ ಜನ ಆಗ್ತದೆ."

"ನಿಮ್ಮದು ಎಂತ ಕೆಲಸ?"

"ಮೀನು. ಪಾಣೆಮಂಗಳೂರಲ್ಲಿ. ಅಬ್ಬಾಸ್ ಅಂತ ಹೆಸರು. ಮೀನಿನ ಕಣ್ಣು ನೋಡಿಯೇ ತಾಜಾವೋ ಹಳತೋ ಅಂತ ಹೇಳ್ತಿದ್ದೆ ನಾನು. ಈಗ ಡಾಕ್ಟರು ನನ್ನ ಕಣ್ಣು ನೋಡ್ತಾರೆ. ಎಂತ ಹೇಳ್ತಾರೋ."

"ಹಳತು ಅಂತ ಹೇಳ್ತಾರೆ."

ಅವನು ನಕ್ಕದ್ದಕ್ಕೆ ಬೆಂಚು ಅಲುಗಾಡಿತು. "ನೀವು ಮೀನು ತಿನ್ನುವವರಾ ಅಮ್ಮ?"

"ಜೈನರು."

"ಹಾಗಾದ್ರೆ ನಿಮ್ಮಿಂದ ನನಗೆ ವ್ಯಾಪಾರ ಇಲ್ಲ."

"ಮೀನಿಗೆ ನಿಮ್ಮಿಂದ ಉಪಕಾರ ಇಲ್ಲ."

ಬೆಂಚು ಮತ್ತೆ ಅಲುಗಾಡಿತು. ಆ ಕಡೆಯಿಂದ ಇನ್ನೊಬ್ಬರು, ಸ್ವಲ್ಪ ಮೆಲ್ಲ ಮಾರಾಯ್ರೆ, ನನಗೆ ನಿನ್ನೆ ಆಪರೇಷನ್ ಆದದ್ದು ಎಂದರು. ನಾನು ಆ ಹೊತ್ತು ಮಾತಾಡಿದಷ್ಟು ಮನೆಯಲ್ಲಿ ಒಂದು ವಾರಕ್ಕೆ ಮಾತಾಡುವುದಿಲ್ಲ. ಎದುರು ಕಾಣದ ಜನರ ಹತ್ತಿರ ಮಾತು ಸುಲಭ. ಒಂದೇ ಕಣ್ಣು ಇರುವುದು, ಅದೂ ಹೋದರೆ ಎಂತ ಮಾಡುವುದು ಎಂದು ಸುಜಾತನ ಹತ್ತಿರ ಹೇಳಿರದ ಮಾತನ್ನು ಅವನ ಹತ್ತಿರ ಹೇಳಿದೆ. ಅವನು, "ಹೋಗ್ಲಿಕ್ಕಿಲ್ಲ ಅಮ್ಮ. ಹೋದ್ರೆ ನನ್ನ ಬಲಗಣ್ಣು ಚೆನ್ನಾಗುಂಟು, ಮೀನು ನೋಡಿ ಉಳಿದ ಹೊತ್ತು ನಿಮಗೆ ಕೊಡ್ತೇನೆ" ಎಂದ. ಅಷ್ಟರಲ್ಲಿ ನನ್ನನ್ನು ಕರೆದರು. ಹೊಗೆಗೂ ಕಣ್ಣಿಗೆ ಬಿಟ್ಟ ಮದ್ದಿಗೂ ಅವನ ಮುಖ ಕಾಣಲಿಲ್ಲ.

ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. "ಅಜ್ಜಿ, ನಿಮ್ಮೊಟ್ಟಿಗೆ ಯಾರು ಬಂದಿದ್ದಾರೆ? ಅವರನ್ನು ಕರೀರಿ."

"ಕಣ್ಣು ನನ್ನದು. ನನಗೇ ಹೇಳಿ."

ಹೇಳಿದರು. ಕಣ್ಣಿನ ಹಿಂದುಗಡೆ ಬಿಳಿ ಗಂಟು, ಸುತ್ತ ಊತ. ಕೆಮ್ಮು, ಜ್ವರ ಇದೆ ಎಂದದ್ದಕ್ಕೆ ರಕ್ತ ತೆಗೆದರು. ರಕ್ತದಲ್ಲಿ ಒಂದು ಜಾತಿಯ ಕಣ ಬಹಳ ಹೆಚ್ಚಿತ್ತು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನ್ ಮಾಡುವವ ನನ್ನ ಹೊಟ್ಟೆಯ ಮೇಲೆ ಯಂತ್ರ ಓಡಿಸಿ ನಿಲ್ಲಿಸಿ ಇನ್ನೊಬ್ಬನನ್ನು ಕರೆದ. ಇಬ್ಬರೂ ಇಂಗ್ಲಿಷ್ ಮಾತಾಡಿದರು. ಲಿವರಿನಲ್ಲಿ ಅಲ್ಲಲ್ಲಿ ಕಲೆ ಉಂಟಂತೆ. ಇನ್ನೊಂದು ರಕ್ತ ಪರೀಕ್ಷೆಗೆ ದೂರ ಕಳುಹಿಸಬೇಕು, ಅದು ಬಂದ ಮೇಲೆ ಹೇಳುತ್ತೇವೆ, ಏನೂ ಆಗಿರಬಹುದು ಎಂದು ಸುಜಾತನನ್ನು ಹೊರಗೆ ಕರೆದು ಹೇಳಿದರು.

ಏನೂ ಆಗಿರಬಹುದು ಎಂದರೆ ಏನು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಯಾರೂ ಹೆಸರು ಹೇಳುವುದಿಲ್ಲ. ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸುವಾಗ ಸುಜಾತ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ, "ಅಮ್ಮ, ಎಂತ ಬೇಕು ಹೇಳಿ, ಎಂತ ಬೇಕಾದ್ರೂ ತಿನ್ನಿ" ಎಂದಳು. ಎಣ್ಣೆ ತಿನ್ನಬೇಡಿ, ಕೆಮ್ಮು ಉಂಟು ಎಂದು ಬೆಳಿಗ್ಗೆ ಹೇಳಿದವಳು. ಮನೆಗೆ ಬಂದರೆ ಜಯರಾಜ ಮಾತಾಡಿದ. "ಅತ್ತೆ, ಚಳಿ ಆಗ್ತದಾ? ಕಂಬಳಿ ಬೇಕಾ?" ಸ್ಕ್ಯಾನಿಗೆ ಹೆದರದವಳು ಅದಕ್ಕೆ ಹೆದರಿದೆ.

ಮಡಂತ್ಯಾರಿನಿಂದ ನನ್ನ ತಮ್ಮ ಬಂದ. ಅವನಿಗೆ ಯಾರು ಹೇಳಿದರೋ. ದ್ರಾಕ್ಷಿ, ಬಿಸ್ಕತ್ತು, ಎಳನೀರು ಎಲ್ಲ ಹೊತ್ತುಕೊಂಡು ಬಂದು ಹೊಸ್ತಿಲಲ್ಲಿ ನಿಂತು ಅತ್ತ. ಚಿಕ್ಕವನಿದ್ದಾಗಲೂ ಹಾಗೆಯೇ, ಬೇರೆಯವರಿಗೆ ಪೆಟ್ಟಾದರೆ ಇವನು ಅಳುವುದು.

"ಅಕ್ಕ, ನಿನಗೆ ಮನಸ್ಸಲ್ಲಿ ಎಂತಾದ್ರೂ ಆಸೆ ಉಂಟಾ? ಹೇಳು. ಎಲ್ಲಿಗಾದ್ರೂ ಹೋಗಿ ಬರುವ."

"ಉಂಟು. ನೀನು ಆ ಮೂಗು ಒರೆಸು."

"ತಮಾಷೆ ಮಾಡ್ಬೇಡ ಅಕ್ಕ."

"ಎಳನೀರು ಕೆತ್ತಿ ತಂದದ್ದಾ, ಇಲ್ಲಿ ಕೆತ್ತಬೇಕಾ?"

ಅವನು ಅಳುತ್ತಲೇ ಕತ್ತಿ ಹುಡುಕಲು ಹೋದ.

ಸಾಯುವ ಹೆದರಿಕೆ ನನಗೆ ಅಷ್ಟು ಇರಲಿಲ್ಲ. ನನ್ನ ಪ್ರಾಯಕ್ಕೆ ಅದು ಎದುರುಮನೆ ಇದ್ದ ಹಾಗೆ, ದಿನಾ ಕಾಣುತ್ತದೆ. ಬದುಕಿ ಉಳಿದು ಕಣ್ಣು ಹೋದರೆ ಎಂಬ ಹೆದರಿಕೆ ಇತ್ತು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಗೆರಸೆ ತೊಡೆಯ ಮೇಲೆ ಇಟ್ಟು ಕಣ್ಣು ಮುಚ್ಚಿ ಬೆರಳಿನಲ್ಲೇ ನುಚ್ಚು ಗೊತ್ತಾಗುತ್ತದೋ ಎಂದು ನೋಡಿದೆ. ಗೊತ್ತಾಗುವುದಿಲ್ಲ. ಬೆರಳ ತುದಿ ಒರಟಾಗಿದೆ, ಇಡೀ ಕಾಳೂ ಮುರಿದ ಕಾಳೂ ಒಂದೇ. ಯಾರೋ ತಟ್ಟೆಗೆ ಹಾಕಿ ಕೊಡಬೇಕು, ಯಾರೋ ಕೈಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಬೇಕು, ನಾನು ಕೂತಲ್ಲಿ ಕೂತು ಯಾರು ಬಂದರು ಎಂದು ಕೇಳಬೇಕು. ಗೆರಸೆ ಆಚೆ ಇಟ್ಟೆ. ಆ ದಿನ ಕೆಂಪಿ ಬಂದು ಕಾಲಿನ ಹತ್ತಿರ ಮಲಗಿತು. ಅದರದ್ದೇ ಕೆಲಸ ಇದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ರಿಪೋರ್ಟು ಬಂದ ದಿನ ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು ಕುಳಿತರು.

"ಅಜ್ಜಿ, ಮನೆಯಲ್ಲಿ ನಾಯಿ ಉಂಟಾ?"

"ನಮ್ಮದಲ್ಲ. ಉಂಟು."

"ಮಣ್ಣು ತಿನ್ನುವ ಅಭ್ಯಾಸ ಉಂಟಾ?"

"ಮಣ್ಣಿನೊಳಗೆ ಆಗುವ ಬಟಾಟೆಯನ್ನೇ ತಿನ್ನುವುದಿಲ್ಲ. ಮಣ್ಣು ತಿನ್ನುವುದಾ?"

"ಹಸಿ ಮಾಂಸ? ಸರಿಯಾಗಿ ಬೇಯದ ಲಿವರ್?"

ಸುಜಾತ ಅಷ್ಟು ದಿನ ನಗದವಳು ಸೆರಗು ಬಾಯಿಗೆ ಅಡ್ಡ ಹಿಡಿದಳು.

"ಹಸಿ ಸೊಪ್ಪು?"

ಸುಜಾತ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

"ತಿಮರೆ" ಎಂದಳು ಸುಜಾತ. "ದಿನಾ. ನಾಯಿ ಮಲಗುವಲ್ಲಿಂದ."

ಆಗ ಡಾಕ್ಟರಮ್ಮ ಹುಳದ ಕಥೆ ಹೇಳಿದರು. ಮರಿಗಳ ಹೊಟ್ಟೆಯಿಂದ ಮೊಟ್ಟೆ ಮಣ್ಣಿಗೆ, ಮಣ್ಣಿನಿಂದ ಎಲೆಗೆ, ಎಲೆಯಿಂದ ನನ್ನ ಚಟ್ನಿಗೆ. ಕೆಮ್ಮಿಗೂ ಅದೇ ಕಾರಣ, ಲಿವರಿನ ಕಲೆಗೂ ಅದೇ, ಕಣ್ಣಿಗೂ ಅದೇ.

"ಹಾಗಾದ್ರೆ ಕ್ಯಾನ್ಸರ್ ಅಲ್ವಾ ಡಾಕ್ಟ್ರೇ?" ಎಂದು ಸುಜಾತ ಕೇಳಿದಳು. ಆ ಹೆಸರು ನಮ್ಮ ನಡುವೆ ಹೊರಗೆ ಬಂದದ್ದು ಆವಾಗಲೇ ಮೊದಲು.

"ಅಲ್ಲ. ಹುಳ."

ಸುಜಾತ ಆಸ್ಪತ್ರೆಯ ಜಗಲಿಗೆ ಹೋಗಿ ಫೋನಿನಲ್ಲಿ "ಹುಳ ಅಂತೆ, ಬರೀ ಹುಳ ಅಂತೆ" ಎಂದು ಎಲ್ಲರಿಗೂ ಹೇಳಿದಳು. ಯಾರ ಮನೆಯಲ್ಲೋ ಮಗು ಹುಟ್ಟಿದ ಹಾಗೆ. ಹಾದುಹೋಗುವವರು ತಿರುಗಿ ನೋಡುತ್ತಿದ್ದರು. ಮಡಂತ್ಯಾರಿನ ತಮ್ಮ ಫೋನಿನಲ್ಲೇ ಮತ್ತೆ ಅತ್ತನಂತೆ. ಜಯರಾಜ ಸಂಜೆ ಹಲ್ವ ತಂದು ನನ್ನ ಎದುರು ಇಟ್ಟು, ಒಂದು ಮಾತೂ ಆಡದೆ ಒಳಗೆ ಹೋದ. ಮನೆ ಮೊದಲಿನ ಹಾಗಾಯಿತು ಎಂದು ನನಗೆ ಸಮಾಧಾನವಾಯಿತು.

ಆದರೆ ನಾನು ಹೊರಡುವ ಮೊದಲು ಡಾಕ್ಟರಮ್ಮನ ಹತ್ತಿರ ಕೇಳಿದ್ದೆ. ಅವರು ಸುಳ್ಳು ಹೇಳಲಿಲ್ಲ. "ಲಿವರ್ ಸರಿಯಾಗ್ತದೆ, ಕೆಮ್ಮು ನಿಲ್ತದೆ. ಕಣ್ಣಿನದ್ದು ಈಗ ಹೇಳ್ಲಿಕ್ಕೆ ಆಗುವುದಿಲ್ಲ ಅಜ್ಜಿ. ಎಷ್ಟು ಉಳೀತದೋ ನೋಡುವ."

ಮದ್ದಿನ ವಿಷಯದಲ್ಲಿ ಅವರಿಗೂ ನನಗೂ ಸ್ವಲ್ಪ ಜಗಳವಾಯಿತು.

"ಇದು ಬೆಳಿಗ್ಗೆ ತಿಂಡಿಯ ನಂತರ, ಇದು ರಾತ್ರಿ ಊಟದ ನಂತರ."

"ರಾತ್ರಿ ಊಟ ಇಲ್ಲ."

"ಹಾಲು ಕುಡೀರಿ."

"ಹಾಲೂ ಇಲ್ಲ. ಸೂರ್ಯ ಮುಳುಗಿದ ಮೇಲೆ ಎಂತದೂ ಇಲ್ಲ."

"ಬರಿಹೊಟ್ಟೆಗೆ ತಗೊಂಡ್ರೆ ಹೊಟ್ಟೆ ಉರೀತದೆ ಅಜ್ಜಿ."

"ಹಾಗಾದ್ರೆ ನೀವು ರಾತ್ರಿ ಅಂತ ಬರೆದದ್ದನ್ನು ಸಂಜೆ ಅಂತ ಮಾಡಿ."

ಅವರು ಪೆನ್ನು ಹಿಡಿದು ನನ್ನ ಮುಖ ನೋಡಿದರು, ಕಿಟಕಿಯ ಹೊರಗೆ ಸೂರ್ಯನನ್ನೂ ನೋಡಿದರು, ಸಂಜೆ ಎಂದು ತಿದ್ದಿದರು. ಹುಳದ ಮಾತ್ರೆಯನ್ನು ತುಪ್ಪ ಹಾಕಿದ ಊಟದ ಜೊತೆಗೆ ತೆಗೆದುಕೊಳ್ಳಬೇಕು, ಆಗ ಮೈಗೆ ಹಿಡಿಯುತ್ತದೆ ಎಂದರು. ಡಾಕ್ಟರು ತುಪ್ಪ ತಿನ್ನು ಎಂದು ಚೀಟಿ ಕೊಟ್ಟದ್ದನ್ನು ನಾನು ಲೀಲಕ್ಕನಿಗೆ ತೋರಿಸಿದೆ. ಅವಳಿಗೆ ಹೊಟ್ಟೆಕಿಚ್ಚಾಯಿತು.

ಊತ ಇಳಿಯುವ ಇನ್ನೊಂದು ಮಾತ್ರೆ ಇತ್ತು. ಅದರಿಂದ ಹಸಿವು ಎಂದರೆ ಎಂಥ ಹಸಿವು. ಇಷ್ಟು ವರ್ಷ ಸಂಜೆ ಉಂಡು ಬೆಳಿಗ್ಗೆವರೆಗೆ ಹಾಯಾಗಿ ಮಲಗಿದವಳಿಗೆ, ದೀಪ ಹಚ್ಚಿದ ಕೂಡಲೇ ಬೇರೆಯವರ ಮನೆಯ ಒಗ್ಗರಣೆ ವಾಸನೆ ಬರತೊಡಗಿತು. ಮುಖ ಬಾತು ಹುಣ್ಣಿಮೆಯ ಹಾಗಾಯಿತು. ಕೆನ್ನೆ ಬಂದದ್ದರಿಂದ ಬಸದಿಯಲ್ಲಿ ಸಿಕ್ಕಿದವರೆಲ್ಲ ಪದ್ದಕ್ಕ ಚೆನ್ನಾಗಿ ಆಗಿದ್ದೀರಿ ಎನ್ನುತ್ತಿದ್ದರು. ಹಸಿವು ತಡೆಯದಿದ್ದಾಗ ನಾನು ಜಗಲಿಗೆ ಹೋಗಿ ಕೆಂಪಿಯನ್ನು ಬೈದು ಬರುತ್ತಿದ್ದೆ.

ಕೆಂಪಿಯನ್ನು ಎಂತ ಮಾಡುವುದು ಎಂದು ಮನೆಯಲ್ಲಿ ಚರ್ಚೆಯಾಗಿತ್ತು. ತಮ್ಮ ಬಂದು, ಗೋಣಿಯಲ್ಲಿ ಹಾಕಿ ಸೇತುವೆಯ ಆಚೆ ಬಿಟ್ಟು ಬರುವ ಎಂದ. ಅಲ್ಲಿಯವರು ತಿಮರೆ ತಿನ್ನುವುದಿಲ್ಲವಾ ಎಂದು ನಾನು ಕೇಳಿದೆ. ಜಯರಾಜ ಪಶು ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಂದ. ಅದಕ್ಕೂ ಹುಳದ ಮಾತ್ರೆ, ನನಗೂ ಹುಳದ ಮಾತ್ರೆ. ಅದು ಬೆಲ್ಲದಲ್ಲಿ ಇಟ್ಟು ಕೊಟ್ಟರೆ ತಿಂದಿತು, ನಾನು ತುಪ್ಪದಲ್ಲಿ. ಮರಿಗಳಿಗೂ ಕೊಟ್ಟು ಒಂದೊಂದನ್ನು ಒಂದೊಂದು ಮನೆಗೆ ಕೊಟ್ಟೆವು. ಬಚ್ಚಲಿನ ಹಿಂದೆ ಜಯರಾಜ ಬಲೆ ಕಟ್ಟಿದ. ಈಗ ತಿಮರೆಯನ್ನು ಬೇಯಿಸಿ ತಂಬುಳಿ ಮಾಡುತ್ತೇವೆ. ಗುಣ ಹೋಗುತ್ತದೋ ಇಲ್ಲವೋ ಗೊತ್ತಿಲ್ಲ, ಹುಳ ಹೋಗುತ್ತದೆ.

ಮಾತ್ರೆ ಶುರು ಮಾಡುವ ದಿನ ಇಂದ್ರರು ನೋಡಲು ಬಂದಿದ್ದರು. ನನ್ನ ಮನಸ್ಸಿನಲ್ಲಿ ಒಂದು ವಿಷಯ ಇತ್ತು, ಕೇಳಿದೆ.

"ಇಂದ್ರರೇ, ನೀರಿನಲ್ಲಿ ಕಾಣದ ಜೀವ ಸಾಯಬಾರದು ಅಂತ ಸೋಸಿ ಕುಡಿದವಳು ನಾನು. ಈಗ ಮಾತ್ರೆ ತಗೊಂಡು ಕೊಲ್ಲುವುದು. ಹೇಗೆ ಇದು?"

ಇಂದ್ರರು ಜಗಲಿಯಲ್ಲಿ ಕುಳಿತರು. "ಪದ್ದಕ್ಕ, ನೀವು ತಗೊಳ್ಳದಿದ್ರೆ ಅದು ನಿಮ್ಮ ಕಣ್ಣಲ್ಲಿ ಚೆನ್ನಾಗಿ ಬದುಕ್ತದಾ?"

"ಇಲ್ಲ. ಅದಕ್ಕೂ ಅಲ್ಲಿಂದ ದಾರಿ ಇಲ್ಲವಂತೆ. ಅಲ್ಲಿಯೇ ಸಾಯುವುದಂತೆ."

"ಹಾಗಾದ್ರೆ ಅದಕ್ಕೂ ನಿಮಗೂ ಒಟ್ಟಿಗೆ ಕಷ್ಟ. ನೀವು ಮಾತ್ರೆ ತಗೊಳ್ಳಿ. ನನಗೆ ಅಕ್ಕಿ ಬೇಕು."

ಶಾಸ್ತ್ರದಲ್ಲಿ ಹಾಗೆ ಉಂಟೋ ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲದ ಹಾಗೆ ಕಂಡಿತು. ಮಾತ್ರೆ ತೆಗೆದುಕೊಂಡೆ. ಸಂಜೆ ಎಲ್ಲ ಜೀವಿಗಳ ಹತ್ತಿರ ಕ್ಷಮೆ ಕೇಳುವಾಗ ಅದನ್ನೂ ಸೇರಿಸಿ ಕೇಳಿದೆ. ಅದು ನನ್ನ ಹತ್ತಿರ ಕೇಳಲಿಲ್ಲ.

ಕೆಮ್ಮು ಮೊದಲು ಹೋಯಿತು. ಆಮೇಲೆ ಜ್ವರ. ಲಿವರಿನ ಕಲೆ ಕಡಿಮೆಯಾಯಿತು ಎಂದು ಸ್ಕ್ಯಾನಿನವರು ಹೇಳಿದರು. ಕಣ್ಣು ಮಾತ್ರ ಹಟ ಹಿಡಿಯಿತು. ಹೊಗೆ ತೆಳ್ಳಗಾಗಿ, ನಡುವೆ ಒಂದು ಕಪ್ಪು ಚುಕ್ಕೆ ಉಳಿಯಿತು. ನೇರ ನೋಡಿದರೆ ನೋಡಿದ್ದರ ಮೇಲೆಯೇ ಬಂದು ಕೂರುತ್ತದೆ. ಎದುರು ನಿಂತವರ ಮೂಗು ಕಾಣುವುದಿಲ್ಲ, ಕಿವಿ ಕಾಣುತ್ತದೆ. ಅದು ಗಾಯದ ಕಲೆ, ಇನ್ನು ಹೋಗುವುದಿಲ್ಲ, ತಲೆ ಸ್ವಲ್ಪ ಓರೆ ಮಾಡಿ ಬದಿಯಿಂದ ನೋಡಲು ಕಲಿಯಿರಿ ಎಂದರು ಡಾಕ್ಟರಮ್ಮ. ಕಲಿತೆ. ಆವಾಗಿನಿಂದ ನಾನು ಜನರನ್ನು ಓರೆಗಣ್ಣಿನಿಂದ ನೋಡುವುದು. ಲೀಲಕ್ಕ, "ನಾನು ಎಂತ ಕದ್ದಿದ್ದೇನೆ ಅಂತ ಹಾಗೆ ನೋಡ್ತೀರಿ?" ಎಂದು ಕೇಳಿದಳು.

ಆಸ್ಪತ್ರೆಯ ಬೆಂಚಿನಲ್ಲಿ ಇನ್ನೊಂದು ಸಲ ಕಣ್ಣು ಮುಚ್ಚಿ ಕುಳಿತಿದ್ದಾಗ ಎದುರಿನಿಂದ, "ನನ್ನ ಬಲಗಣ್ಣಿನ ಪಾಲುದಾರ್ರು ಬಂದ್ರಲ್ಲ" ಎಂಬ ಸ್ವರ ಕೇಳಿತು. ಅಬ್ಬಾಸ್. ಅವನ ಕಣ್ಣು ಸರಿಯಾಗಿತ್ತು, ತೋರಿಸಿ ಹೋಗಲು ಬಂದಿದ್ದ. ಡಾಕ್ಟರಮ್ಮ ಇನ್ನೂ ಕರೆದಿರಲಿಲ್ಲ, ನಾನು ಕಳ್ಳತನದಲ್ಲಿ ಕಣ್ಣು ತೆರೆದು ತಲೆ ಓರೆ ಮಾಡಿ ನೋಡಿದೆ. ಸ್ವರ ಕೇಳಿ ದೊಡ್ಡ ಹೊಟ್ಟೆಯ ಮುದುಕ ಎಂದು ಎಣಿಸಿದ್ದೆ. ನೋಡಿದರೆ ಸಪೂರದ ಜನ, ಸುಜಾತನ ಪ್ರಾಯ.

"ಎಂತ ಅಮ್ಮ ಹಾಗೆ ನೋಡುವುದು? ತಾಜಾ ಉಂಟಾ?"

"ಪರವಾಗಿಲ್ಲ" ಎಂದೆ.

ಮನೆಯಲ್ಲಿ ಗೆರಸೆ ಮತ್ತೆ ನನ್ನ ಕೈಗೆ ಬಂದಿತ್ತು. ಸುಜಾತ ಅಕ್ಕಿ ತಂದು ಹರಡಿ ಕೊಟ್ಟು ಅಂಗಡಿಗೆ ಹೋಗುತ್ತಿದ್ದಳು, ನಾನು ತಲೆ ಓರೆ ಮಾಡಿ ಆರಿಸುತ್ತಿದ್ದೆ. ನುಚ್ಚು ಹೆಚ್ಚು ಸಿಗುತ್ತಿರಲಿಲ್ಲ. ಈಗ ಒಳ್ಳೆಯ ಅಕ್ಕಿ ಬರುತ್ತದೆ ಎಂದುಕೊಂಡೆ. ಸಂಜೆ ಅವಳೇ ತೆಗೆದುಕೊಂಡು ಹೋಗಿ ಬಸದಿಗೆ ಕೊಡುತ್ತಿದ್ದಳು. ಇಂದ್ರರು ಏನೂ ಹೇಳಲಿಲ್ಲ.

ಚಳಿಗಾಲದ ಒಂದು ದಿನ. ಬಿಸಿಲು ಜಗಲಿಗೆ ಚೆನ್ನಾಗಿ ಬಿದ್ದಿತ್ತು. ಸುಜಾತ ಅಂಗಡಿಯಿಂದ ಬೇಗ ಬಂದಿದ್ದಳು. ನಾನು ಗೆರಸೆ ತೊಡೆಯ ಮೇಲೆ ಇಟ್ಟು ತಲೆ ಓರೆ ಮಾಡಿದೆ. ಕಪ್ಪು ಚುಕ್ಕೆ ಆಚೆ ಸರಿಯಿತು. ಅಕ್ಕಿ ಕಂಡಿತು, ಅಕ್ಕಿಯ ನಡುವೆ ಬಿಳಿ ಬಿಳಿ ಮೊಂಡು ಕಾಳುಗಳು.

"ಸುಜಾತ, ಈ ಅಕ್ಕಿ ಎಲ್ಲಿಂದ ತಂದದ್ದು? ಕಣ್ಣು ಎಲ್ಲಿಟ್ಟಿದ್ದಿ ನೀನು? ಇದರಲ್ಲಿ ಎಷ್ಟು ನುಚ್ಚು ಉಂಟು ಗೊತ್ತುಂಟಾ?"

ಅವಳು ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಹೊರಗೆ ಬಂದಳು. "ಎಲ್ಲಿ?"

ಒಂದೊಂದೇ ಹೆಕ್ಕಿ ಅವಳ ಅಂಗೈಗೆ ಹಾಕಿದೆ. ಅವಳು ಅಂಗೈ ನೋಡುತ್ತಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಅಮ್ಮ, ಅದು ನಾನೇ ಹಾಕಿದ್ದು."

"ಎಂತ?"

"ಪ್ರತಿ ಸಲ ಅಕ್ಕಿ ಎಲ್ಲ ಆರಿಸಿ, ಮೇಲೆ ಒಂದು ಚಿಟಿಕೆ ನುಚ್ಚು ಎಣಿಸಿ ಹಾಕಿ ಕೊಡ್ತಿದ್ದೆ. ನಿಮಗೆ ಕಾಣ್ತದಾ ಅಂತ ನೋಡ್ಲಿಕ್ಕೆ. ನೀವು ಎದ್ದ ಮೇಲೆ ನಾನೇ ತೆಗೆದು ಬಸದಿಗೆ ಕೊಡುವುದು."

"ಇಷ್ಟು ದಿನ?"

"ಇಷ್ಟು ದಿನ."

"ನನಗೆ ಕಾಣ್ತಿರ್ಲಿಲ್ವಾ?"

"ಒಂದೆರಡು ಹೆಕ್ಕುತ್ತಿದ್ರಿ. ಉಳಿದದ್ದೆಲ್ಲ ಹಾಗೇ ಇರ್ತಿತ್ತು."

ಬೈಯಬೇಕು ಎಂದು ಬಾಯಿ ತೆರೆದೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಚುಕ್ಕೆ ಸರಿಯಾಗಿ ಅವಳ ಮುಖದ ಮೇಲೆ ಇತ್ತು. ತಲೆ ಓರೆ ಮಾಡಿ ನೋಡಿದೆ. ನಗುತ್ತಿದ್ದಳು.

"ಇವತ್ತು ಎಲ್ಲ ಸಿಕ್ಕಿತಾ?" ಎಂದು ಕೇಳಿದೆ.

ಅವಳು ಅಂಗೈಯಲ್ಲಿದ್ದದ್ದನ್ನು ಎಣಿಸಿದಳು. "ಎರಡು ಬಾಕಿ ಉಂಟು."

"ಎಲ್ಲಿ?"

"ಹುಡುಕಿ" ಎಂದು ಹೇಳಿ ಒಳಗೆ ಹೋದಳು. ನನ್ನ ಮಗಳೇ ಅವಳು.

ಒಂದು ಬೇಗ ಸಿಕ್ಕಿತು, ಗೆರಸೆಯ ಅಂಚಿನಲ್ಲಿ ಬೆತ್ತದ ಸಂದಿಗೆ ಹೊಕ್ಕಿತ್ತು. ಇನ್ನೊಂದು ಸಿಗಲಿಲ್ಲ. ಅಕ್ಕಿಯನ್ನು ಆಚೆ ಈಚೆ ಸರಿಸಿದೆ, ಬೇರೆ ಮೊರಕ್ಕೆ ಸುರಿದು ನೋಡಿದೆ. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು. ಸುಜಾತ ಒಳಗಿನಿಂದ, "ಅಮ್ಮ, ಊಟಕ್ಕೆ ಬನ್ನಿ, ಹೊತ್ತು ಹೋಗ್ತದೆ" ಎಂದು ಕರೆದಳು. ಬರುತ್ತೇನೆ ಎಂದೆ. ಮತ್ತೆ ಕರೆದಳು. ಬಿಡು, ನಾಳೆ ನೋಡುವ ಎಂದು ಎದ್ದು ಸೆರಗು ಕೊಡವಲು ಹೋದರೆ, ಅಲ್ಲಿತ್ತು. ಗೆರಸೆಯಲ್ಲಿ ಇರಲೇ ಇಲ್ಲ. ನೀಲಿ ಸೀರೆಯ ಮಡಿಕೆಯಲ್ಲಿ ಒಂದು ಮುರಿದ ಬೆಳ್ತಿಗೆ ಕಾಳು.

ಅದನ್ನು ತಂದು ಅವಳ ತಟ್ಟೆಯ ಬದಿಗೆ ಇಟ್ಟೆ. ಬೆಳಕು ಇನ್ನೂ ಇತ್ತು. ಕುಳಿತು ಊಟ ಮಾಡಿದೆ.